ಚಿಲಕವಿಲ್ಲದ ಕೋಣೆಗೆ ಬಣ್ಣ ಯಾಕೆ?

ಕಳೆದ ಶ್ರಾವಣದಲ್ಲಿ ದಾದರ್ ಪೂರ್ವದ ಹಿಂದೂ ಕಾಲನಿಯಲ್ಲಿರುವ ಪರಿಚಿತರೊಬ್ಬರ ಮನೆಗೆ ಸತ್ಯನಾರಾಯಣ ಪೂಜೆಗೆಂದು ಹೋಗಿದ್ದೆ. ಹಳೆಯ ಮೂರು ಮಹಡಿಯ ಕಟ್ಟಡ ಕೆಡವಿ ಎಬ್ಬಿಸಿದ ಟವರಿನಲ್ಲಿ ಎರಡು ಬೆಡ್‌ರೂಮಿನ ಮನೆ. ಪ್ರಸಾದ ತಿಂದಾದ ಮೇಲೆ ಮನೆ ತೋರಿಸುವ ಶಾಸ್ತ್ರ ಇದ್ದೇ ಇರುತ್ತದಲ್ಲ. ಅಡಿಗೆಮನೆಯ ಟ್ರಾಲಿಗಳನ್ನು ಎಳೆದು ತೋರಿಸಿದ್ದಾಯಿತು, ಬಾತ್‌ರೂಮಿನ ಗಾಜಿನ ಬಾಗಿಲು ಸರಿಸಿ ತೋರಿಸಿದ್ದಾಯಿತು. ಕೊನೆಗೆ "ಇದು ಮಗಳ ರೂಮು, ಜಾಸ್ತಿ ಖರ್ಚಾದದ್ದು ಇದಕ್ಕೇ ನೋಡಿ" ಎನ್ನುತ್ತ ಯಜಮಾನರು ಬಾಗಿಲು ತಳ್ಳಿದರು. ತಟ್ಟಲಿಲ್ಲ, ತಳ್ಳಿದರು.

ಒಳಗೆ ಹದಿನೈದು ವರ್ಷದ ಹುಡುಗಿ ಮಂಚದ ಮೇಲೆ ಕಾಲು ಮಡಚಿ ಕೂತು ಏನೋ ಬರೆಯುತ್ತಿದ್ದಳು. ಏಳೆಂಟು ಜನ ಅಪರಿಚಿತರನ್ನು ಕಂಡದ್ದೇ ಪುಸ್ತಕ ಮಗುಚಿ ಹಾಕಿ, ದುಪಟ್ಟಾ ಎಳೆದುಕೊಂಡು ಎದ್ದು ನಿಂತಳು. ಯಜಮಾನರು ಅವಳ ಕಡೆ ನೋಡಲೂ ಇಲ್ಲ. ಫಾಲ್ಸ್ ಸೀಲಿಂಗಿನ ದೀಪಗಳನ್ನು ಒಂದೊಂದಾಗಿ ಹಾಕಿ ತೋರಿಸಿದರು. ಗೋಡೆಗೆ ಪೀಚ್ ಬಣ್ಣ, ಅದರ ಮೇಲೆ 'ಡ್ರೀಮ್ ಬಿಗ್' ಎಂಬ ಮರದ ಅಕ್ಷರಗಳು. ಸ್ಟಡಿ ಟೇಬಲ್ಲಿನ ಮೇಲೆ ಪೀರಿಯಾಡಿಕ್ ಟೇಬಲ್ಲಿನ ಚೌಕಟ್ಟು. ಹೈಡ್ರಾಲಿಕ್ ಮಂಚವನ್ನು ಎತ್ತಿ ತೋರಿಸಲು ಹುಡುಗಿಯನ್ನು ಪಕ್ಕಕ್ಕೆ ಸರಿಯಲು ಹೇಳಿದರು. ಮಂಚದ ಹೊಟ್ಟೆಯೊಳಗೆ ಮನೆಯ ಎಲ್ಲರ ಸೂಟ್‌ಕೇಸುಗಳು, ನೆಂಟರು ಬಂದಾಗ ಹಾಸುವ ಗಾದಿಗಳು, ಗಣಪತಿ ಹಬ್ಬದ ಪಾತ್ರೆಗಳು ಇದ್ದವು.

ಎಲ್ಲರೂ ಹೊರಟ ಮೇಲೆ ನಾನು ಹಿಂದುಳಿದು ಕೇಳಿದೆ, "ಇದರಲ್ಲಿ ನೀನು ಆರಿಸಿದ್ದು ಯಾವುದಮ್ಮ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕಪಾಟಿನ ಬಾಗಿಲನ್ನು ಅರ್ಧ ತೆರೆದಳು. ಬಾಗಿಲಿನ ಒಳಮೈಯಲ್ಲಿ ಅಂಗೈಯಗಲ ಜಾಗ ಬಿಡದೆ ಚಿತ್ರ, ಟಿಕೇಟು, ಚೀಟಿಗಳನ್ನು ಅಂಟಿಸಿದ್ದಳು. "ಇದು ಮಾತ್ರ ಆಂಟಿ. ಹೊರಗೆ ಅಂಟಿಸಿದ್ರೆ ಲ್ಯಾಮಿನೇಟ್ ಹಾಳಾಗತ್ತಂತೆ." ಮತ್ತೆ ಮುಚ್ಚಿದಳು. ಹೊರಡುವಾಗ ನಾನು ಬಾಗಿಲನ್ನು ಗಮನಿಸಿ ನೋಡಿದೆ. ಒಳಗಡೆ ಚಿಲಕವಿರಲಿಲ್ಲ. ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳಿಗೆ ಮೇಣ ತುಂಬಿ ಪಾಲಿಶ್ ಹೊಡೆದಿದ್ದರು.

ಮುಂಬಯಿಯ ನಮ್ಮ ಕನ್ನಡದ ಮನೆಗಳಲ್ಲಿ, ಅದರಲ್ಲೂ ಎರಡು ಸಂಬಳ ಬರುವ ಮನೆಗಳಲ್ಲಿ, ಮಕ್ಕಳ ಕೋಣೆಯನ್ನು ಸಿಂಗರಿಸುವುದು ಈಗ ಮದುವೆ ಮಾಡಿದಷ್ಟು ದೊಡ್ಡ ಕೆಲಸ. ಡಿಸೈನರು ಬರುತ್ತಾರೆ, ಕಂಪ್ಯೂಟರಿನಲ್ಲಿ ಚಿತ್ರ ತೋರಿಸುತ್ತಾರೆ, ಥೀಮ್ ಆಗುತ್ತದೆ. ತಂದೆತಾಯಿ ಸಾಲವನ್ನೂ ಮಾಡುತ್ತಾರೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ನೇರವಾಗಿಯೇ ಹೇಳುತ್ತೇನೆ: ಆ ಕೋಣೆ ಮಗುವಿನದ್ದಲ್ಲ. ಅದು ಮನೆಯ ಗೋಡೌನು, ಬಂದವರಿಗೆ ತೋರಿಸುವ ಶೋರೂಮು, ಪರೀಕ್ಷೆಯ ಕಾರ್ಖಾನೆ. ಈ ಮೂರರ ನಡುವೆ ಉಳಿದ ಜಾಗದಲ್ಲಿ ಮಗು ಮಲಗುತ್ತದೆ.

ಲೆಕ್ಕ ಹಾಕಿ ನೋಡೋಣ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡು ಕೋಣೆಗಳ ಮನೆಯಲ್ಲಿ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಇರಬೇಕು. ಎರಡನೆಯದು, ಅಂದರೆ ಮಕ್ಕಳಿಗೆ ಸಿಗುವುದು, ಸುಮಾರು 80 ಚದರ ಅಡಿ. ಅದರಲ್ಲಿ ಒಂಟಿ ಮಂಚಕ್ಕೆ 19, ಆರಡಿ ಅಗಲ ಎರಡಡಿ ಆಳದ ಕಪಾಟಿಗೆ 12, ಮೇಜಿಗೆ 8. ಒಟ್ಟು 39 ಚದರ ಅಡಿ, ಅರ್ಧ ಕೋಣೆ ಹೋಯಿತು. ಬಾಗಿಲು ತೆರೆದುಕೊಳ್ಳುವ ಜಾಗ ಬೇರೆ. ಕಪಾಟಿನ ಮೇಲಿನ ಖಾನೆಗಳು ಮತ್ತು ಮಂಚದ ಹೊಟ್ಟೆ ಮನೆಯವರದ್ದು. ಗೋಡೆಗಳು ಡಿಸೈನರದ್ದು. ಹದಿನೈದು ವರ್ಷದವಳ ಪಾಲಿಗೆ ಏನುಳಿಯಿತು? ಕಪಾಟಿನ ಬಾಗಿಲಿನ ಒಳಮೈ.

ಮುಂಬಯಿಯಲ್ಲಿ ಜಾಗದ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ನಾನೇ ದಾದರ್ ಪಶ್ಚಿಮದ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇನೆ. 2012ರಲ್ಲಿ ನಿಯಮ ಬದಲಾಗುವ ತನಕ ಈ ನಗರದಲ್ಲಿ ಹೂಕುಂಡ ಇಡುವ ಪಾತಿಯ ಜಾಗ ಎಫ್‌ಎಸ್‌ಐ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಿಲ್ಡರುಗಳು ಅದನ್ನೂ ಮಾರಿದರು, ಕೊಂಡವರು ಗೋಡೆ ಒಡೆದು ಅದನ್ನು ಕೋಣೆಗೆ ಸೇರಿಸಿಕೊಂಡರು. ಹೂವಿನ ಪಾತಿಯಲ್ಲಿ ಮಂಚ ಹಾಕಿ ಮಲಗುವ ಮಕ್ಕಳು ಈ ನಗರದಲ್ಲಿ ಎಷ್ಟೋ ಇದ್ದಾರೆ. ಟಿಳಕ್ ಸೇತುವೆ ದಾಟಿ ಪೂರ್ವಕ್ಕೆ ಹೋದರೆ ನಾಯಗಾಂವಿನ ಬಿಡಿಡಿ ಚಾಳುಗಳು. 1920ರ ದಶಕದಲ್ಲಿ ಕಟ್ಟಿದವು, ಒಂದೊಂದು ಖೋಲಿ 160 ಚದರ ಅಡಿ. ಹಿಂದೂ ಕಾಲನಿಯ ಹುಡುಗಿಯೊಬ್ಬಳಿಗೆ ಸಿಗುವ ಕೋಣೆಯ ಎರಡರಷ್ಟು ಜಾಗದಲ್ಲಿ ಅಲ್ಲಿ ಮೂರು ತಲೆಮಾರು ಬದುಕಿದೆ. ಹಾಗಾಗಿ ಎಲ್ಲ ಮಕ್ಕಳಿಗೂ ಪ್ರತ್ಯೇಕ ಕೋಣೆ ಬೇಕೆಂಬುದು ನನ್ನ ವಾದವಲ್ಲ. ಕೋಣೆ ಇರುವವರು ಏನು ಮಾಡುತ್ತಿದ್ದಾರೆಂಬುದು ನನ್ನ ತಕರಾರು.

ಇದಕ್ಕೆ ನಮ್ಮ ಹಿರಿಯರ ಹತ್ತಿರ ಸಿದ್ಧ ಉತ್ತರವಿದೆ. "ನಮ್ಮ ಕಾಲದಲ್ಲಿ ಕೋಣೆ ಎಲ್ಲಿತ್ತು? ಹೋಟೆಲಿನ ಮೇಜಿನ ಮೇಲೆ ಮಲಗಿ ಮೇಲೆ ಬಂದೆವು." ನಿಜ, ಅದನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ನನ್ನ ಸೋದರಮಾವ 60ರ ದಶಕದಲ್ಲಿ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ದಾದರಿನ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯಲು ನಿಂತವರು. ಆ ಕಾಲದ ಎಷ್ಟೋ ಹುಡುಗರ ಹಾಗೆ ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸದೇ ಇದ್ದಿದ್ದರೆ ನಮ್ಮ ಕರಾವಳಿಯ ಒಂದು ತಲೆಮಾರು ಅಕ್ಷರ ಕಲಿಯುತ್ತಿರಲಿಲ್ಲ. ಹೋಟೆಲು ಮುಚ್ಚಿದ ಮೇಲೆ ನೆಲ ತೊಳೆದು, ಒಣಗಲು ಕಾದು, ಅಲ್ಲೇ ಚಾಪೆ ಬಿಡಿಸುವುದು. ಅವರಿಗೆ ಕೋಣೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

ಆದರೆ ಮಾವನಿಗೆ ಒಂದು ಟ್ರಂಕಿತ್ತು. ಊರು ಬಿಡುವಾಗ ಅವರ ಅಮ್ಮ ಕೊಡಿಸಿದ ತಗಡಿನ ಟ್ರಂಕು. ಅದರ ಮುಚ್ಚಳದ ಒಳಮೈಗೆ ರಾಜಕುಮಾರರ ಚಿತ್ರ, ಊರಿನ ದೇವಸ್ಥಾನದ ಫೋಟೋ, ಹೆಸರು ಹೇಳದ ಒಬ್ಬಳು ನಟಿ. ಅವರ ಮಾತಿನಲ್ಲೇ ಹೇಳುವುದಾದರೆ, ಹೋಟೆಲಿನ ಇಪ್ಪತ್ತು ಹುಡುಗರ ಇಪ್ಪತ್ತು ಟ್ರಂಕುಗಳು ಹಿಂದಿನ ಕೋಣೆಯಲ್ಲಿ ಸಾಲಾಗಿ ಇರುತ್ತಿದ್ದವು, ಒಬ್ಬರ ಟ್ರಂಕನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಹೊಡೆದಾಟವೇ. ಧಣಿ ಕೂಡ "ತೆಗೆದು ತೋರಿಸು" ಎಂದು ಹೇಳುತ್ತಿದ್ದುದು ಕಳವಾದಾಗ ಮಾತ್ರ, ಅದೂ ಹುಡುಗನ ಎದುರಿಗೆ. ಟ್ರಂಕಿಗೆ ಬೀಗವಿತ್ತು. ಕೀಲಿ ಉಡಿದಾರದಲ್ಲಿತ್ತು.

ಆದ್ದರಿಂದ "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವ ಹಿರಿಯರಿಗೆ ನನ್ನ ವಿನಂತಿ: ನಿಮಗೆ ಕೋಣೆ ಇರಲಿಲ್ಲ, ಒಪ್ಪಿದೆ. ಆದರೆ ಬೀಗ ಇತ್ತು. ಲೋಟ ತೊಳೆಯುವ ಹುಡುಗನಿಗೆ 1965ರಲ್ಲಿ ಇದ್ದ ಎರಡಡಿ ಉದ್ದದ ಸ್ವಂತ ಜಾಗ ಇವತ್ತು ಲಕ್ಷಗಟ್ಟಲೆ ಸುರಿದು ಸಿಂಗರಿಸಿದ ಕೋಣೆಯೊಳಗಿನ ನಿಮ್ಮ ಮೊಮ್ಮಗಳಿಗೆ ಇಲ್ಲ. ಅವಳು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿಕೊಂಡದ್ದಕ್ಕೂ ನೀವು ಟ್ರಂಕಿನ ಮುಚ್ಚಳದೊಳಗೆ ಅಂಟಿಸಿಕೊಂಡದ್ದಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಕೀಲಿಯಲ್ಲಿದೆ.

ಎರಡನೆಯ ವಾದ ನನ್ನ ವಯಸ್ಸಿನವರದ್ದು, ಹೆಚ್ಚು ಗಟ್ಟಿಯಾದದ್ದು. "ಬಾಗಿಲು ಹಾಕಿಕೊಂಡು ಮೊಬೈಲ್ ನೋಡ್ತಾರೆ. ಏನಾದರೂ ಮಾಡಿಕೊಂಡರೆ?" ಈ ಹೆದರಿಕೆಯನ್ನು ಹಗುರವಾಗಿ ನೋಡುವ ಧೈರ್ಯ ನನಗಿಲ್ಲ. 2023ರ ಆಗಸ್ಟ್‌ನಲ್ಲಿ ರಾಜಸ್ಥಾನದ ಕೋಟಾದಲ್ಲಿ ಜಿಲ್ಲಾಡಳಿತ ಹಾಸ್ಟೆಲುಗಳ ಫ್ಯಾನಿಗೆ ಸ್ಪ್ರಿಂಗ್ ಹಾಕಿಸಬೇಕೆಂದು ಆದೇಶ ಹೊರಡಿಸಿತು. ಮಕ್ಕಳನ್ನು ಉಳಿಸಲು ಕೋಣೆಯನ್ನೇ ಬದಲಾಯಿಸುವ ಸ್ಥಿತಿಗೆ ನಾವು ಬಂದಿದ್ದೇವೆ. ಆದರೆ ಆ ಕೋಣೆಗಳಿಗೆ ಮಕ್ಕಳನ್ನು ಕಳಿಸಿದ್ದು ಯಾಕೆಂದು ನೆನಪಿಸಿಕೊಳ್ಳಿ. ಓದು ಬಿಟ್ಟು ಬೇರೇನಕ್ಕೂ ಜಾಗವಿಲ್ಲದ ಕೋಣೆ ಅದು. ಅದೇ ಕೋಣೆಯನ್ನು ನಾವೀಗ ದಾದರಿನಲ್ಲಿ, ಠಾಣೆಯಲ್ಲಿ, ನವಿ ಮುಂಬಯಿಯಲ್ಲಿ ಒಳ್ಳೆಯ ಲ್ಯಾಮಿನೇಟ್ ಹಾಕಿ ಕಟ್ಟುತ್ತಿದ್ದೇವೆ. ಮಂಚದಲ್ಲಿ ಮಲಗಿದರೆ ಎದುರಿಗೆ ಪೀರಿಯಾಡಿಕ್ ಟೇಬಲ್ಲು, ಎದ್ದರೆ 'ಡ್ರೀಮ್ ಬಿಗ್'.

ಹೆದರಿಕೆಗೆ ಮದ್ದು ಚಿಲಕ ಕೀಳುವುದಲ್ಲ. ಮನಸ್ಸಿನ ಬಾಗಿಲು ಹಾಕಿಕೊಂಡ ಮಗುವಿಗೆ ಮರದ ಬಾಗಿಲು ಲೆಕ್ಕವೇ ಅಲ್ಲ, ಹಾಲಿನಲ್ಲಿ ಎಲ್ಲರ ನಡುವೆ ಕೂತೂ ಅದು ಒಂಟಿಯಾಗಿರಬಲ್ಲದು. ತನ್ನ ಮಾತಿಗೆ ಮನೆಯಲ್ಲಿ ಬೆಲೆಯಿದೆ ಎಂದು ಗೊತ್ತಿದ್ದರೆ ಮಾತ್ರ ಮಗು ಬಂದು ಹೇಳುತ್ತದೆ, ಆ ಬೆಲೆ ಗೊತ್ತಾಗುವುದು ಬಾಗಿಲು ತಟ್ಟುವಂಥ ಸಣ್ಣ ಸಂಗತಿಗಳಿಂದ. ಮಗು ನಿಜವಾಗಿ ಕುಗ್ಗಿದೆ ಎಂದು ಕಂಡರೆ ಮಾತು ಬೇರೆ. ಆಗ ಪಕ್ಕದಲ್ಲಿ ಕೂತುಕೊಳ್ಳಬೇಕು, ಡಾಕ್ಟರ ಹತ್ತಿರ ಹೋಗಬೇಕು, ಚಿಲಕದ ವಾದ ಬದಿಗಿಡಬೇಕು. ಉಳಿದ ದಿನಗಳಿಗೆ ಒಂದು ಸರಳ ಉಪಾಯವಿದೆ. ಬಾತ್‌ರೂಮಿಗೆ ಹಾಕುವಂಥ ಲಾಕ್ ತನ್ನಿ. ಒಳಗಿನಿಂದ ಹಾಕಿಕೊಳ್ಳಬಹುದು, ತುರ್ತಿದ್ದರೆ ಹೊರಗಿನ ಗೀರಿಗೆ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುತ್ತದೆ. ನಿಮ್ಮ ಹೆದರಿಕೆಗೂ ಅವಳ ಮಾನಕ್ಕೂ ಅದರಲ್ಲಿ ಜಾಗವಿದೆ. ಫಾಲ್ಸ್ ಸೀಲಿಂಗಿನ ಒಂದೆರಡು ದೀಪ ಬಿಟ್ಟರೆ ಆ ದುಡ್ಡು ಹೊರಡುತ್ತದೆ.

ಮೊಬೈಲಿನ ಮಾತು ಪೂರ್ತಿ ಬೇರೆ. ಅದಕ್ಕೆ ಹೊತ್ತಿನ ಕಟ್ಟು ಹಾಕಿ, ರಾತ್ರಿ ಹತ್ತಕ್ಕೆ ಎಲ್ಲರ ಫೋನೂ, ಅಪ್ಪನದ್ದೂ ಸೇರಿ, ಹಾಲಿನ ಚಾರ್ಜರಿಗೆ ಬರಲಿ. ಫೋನಿನ ಮೇಲಿನ ಸಿಟ್ಟನ್ನು ಬಾಗಿಲಿನ ಮೇಲೆ ತೀರಿಸಿಕೊಳ್ಳಬೇಡಿ. ಕೆಲವು ಮನೆಗಳಲ್ಲಿ ಮಕ್ಕಳ ಕೋಣೆಗೆ ಕ್ಯಾಮೆರಾ ಹಾಕಿ ಆಫೀಸಿನಲ್ಲಿ ಕೂತು ನೋಡುವವರನ್ನೂ ಕಂಡಿದ್ದೇನೆ. 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಚಲನವಲನವನ್ನು ಕಂಪನಿಗಳು ಬೆನ್ನು ಹತ್ತಿ ಗಮನಿಸಬಾರದೆಂದು ಹೇಳುತ್ತದೆ. ಕಂಪನಿಗೆ ಬೇಡವೆಂದದ್ದನ್ನು ಅಪ್ಪ ಮಾಡುತ್ತಿದ್ದಾರೆ, ಅದೂ ಮಗಳು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ.

ಖಾಸಗಿತನವೆಂಬುದು ವಿದೇಶಿ ಶೋಕಿ ಎನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಡೀ ದೇಶದ ಖಾಸಗಿತನದ ಹಕ್ಕು ಇವತ್ತು ಒಬ್ಬ ಕನ್ನಡಿಗರ ಹೆಸರಿನಲ್ಲಿ ಓಡಾಡುತ್ತಿದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 16ನೇ ವಿಧಿ ಮಕ್ಕಳಿಗೂ ಈ ಹಕ್ಕಿದೆ ಎನ್ನುತ್ತದೆ, ಭಾರತ ಅದನ್ನು 1992ರಲ್ಲೇ ಒಪ್ಪಿಕೊಂಡಿದೆ. ಮಕ್ಕಳು ನಮ್ಮನ್ನು ಕೋರ್ಟಿಗೆ ಎಳೆಯಲಿ ಎಂದು ಇದನ್ನು ಹೇಳುತ್ತಿಲ್ಲ. ಸರ್ಕಾರ ನಮ್ಮ ಮನೆಯೊಳಗೆ ಇಣುಕಬಾರದೆಂದು ವಾದಿಸುವ ನಾವು ಮಗಳ ಬಾಗಿಲನ್ನು ತಟ್ಟದೆ ತಳ್ಳುತ್ತೇವಲ್ಲ, ಅದನ್ನು ಯೋಚಿಸಿ.

ಈಗ ನನ್ನ ತಪ್ಪಿನ ಕತೆ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಬಾಳು ನಮ್ಮದು, ಮಗ ಹುಟ್ಟಿದ ಮೇಲೆ ಇದು ನಾಲ್ಕನೇ ಮನೆ. ಪ್ರತಿ ಮನೆಯಲ್ಲೂ ಮಾಲೀಕರ ಮೊದಲ ಮಾತು "ಗೋಡೆಗೆ ಮೊಳೆ ಹೊಡೀಬೇಡಿ." ಮಗ ಹಾಲಿನಲ್ಲಿ ಮಲಗುತ್ತಾನೆ. ಅವನದ್ದೆಂದು ಇರುವುದು ಟೀವಿ ಸ್ಟ್ಯಾಂಡಿನ ಒಂದು ಡ್ರಾಯರು. ಎರಡು ವರ್ಷದ ಹಿಂದೆ, ಅವನ ಆಧಾರ್ ಕಾರ್ಡ್ ಹುಡುಕುವ ನೆಪದಲ್ಲಿ ಆ ಡ್ರಾಯರು ತೆಗೆದೆ. ಒಂದು ನೋಟ್‌ಬುಕ್ಕಿತ್ತು. ಎರಡು ಪುಟ ಓದಿದೆ. ಕಾರ್ಡ್ ಸಿಕ್ಕ ಮೇಲೂ ಓದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅವನಿಗೆ ಗೊತ್ತಾಯಿತು. ಜಗಳವಾಡಲಿಲ್ಲ, ಅತ್ತೂ ಇಲ್ಲ. ಮಾರನೇ ದಿನದಿಂದ ಡ್ರಾಯರು ಖಾಲಿಯಾಯಿತು. ಅವನು ಏನನ್ನೂ ಮನೆಯಲ್ಲಿ ಇಡುವುದನ್ನೇ ಬಿಟ್ಟ.

ಆ ಪುಟಗಳಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಎರಡನೇ ಸಲ ಕದ್ದಂತಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಅದು ಕನ್ನಡದಲ್ಲಿರಲಿಲ್ಲ.

ಇಲ್ಲಿ ಈ ಪತ್ರಿಕೆಯ ಓದುಗರಾದ ನಮಗೆ ಚುಚ್ಚುವ ಮಾತು ಬರುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೂ ಕರ್ನಾಟಕ ಸಂಘದಲ್ಲೂ ಕೂತು ನಾವು ಮಕ್ಕಳಿಗೆ ಕನ್ನಡ ಉಳಿಯುತ್ತಿಲ್ಲ ಎಂದು ಕೊರಗುತ್ತೇವೆ. ಮನೆಯಲ್ಲಿ ಕನ್ನಡದಲ್ಲಿ ನಾವು ಹೇಳುವುದೇನು? ಏಳು. ಓದಿದಿಯಾ? ಎಷ್ಟು ಮಾರ್ಕ್ಸು? ಯಾರ ಫೋನು? ಬಾಗಿಲು ತೆಗಿ. ಕನ್ನಡ ಅವರಿಗೆ ತಪಾಸಣೆಯ ಭಾಷೆಯಾಗಿ ಕೇಳಿಸುತ್ತದೆ. ಗುಟ್ಟು ಹೇಳಿಕೊಳ್ಳಲು, ಪ್ರೀತಿ ಬರೆದುಕೊಳ್ಳಲು, ನಮ್ಮನ್ನು ಬೈದುಕೊಳ್ಳಲು ಅವರು ನಮಗೆ ಬೇಗ ದಕ್ಕದ ಭಾಷೆಯನ್ನು, ಲಿಪಿಯನ್ನು ಹುಡುಕಿಕೊಳ್ಳುತ್ತಾರೆ. ಯಾವ ಭಾಷೆಯಲ್ಲಿ ಗುಟ್ಟಿಗೆ ಜಾಗವಿಲ್ಲವೋ ಆ ಭಾಷೆಯಲ್ಲಿ ಹದಿಹರೆಯದವರು ಬರೆಯುವುದಿಲ್ಲ. ಹಾಗೆಂದು ಈಗ ಓಡಿ ಹೋಗಿ ಕುವೆಂಪು ಬೇಂದ್ರೆಯವರ ಫೋಟೋ ತಂದು ಮಗಳ ಗೋಡೆಗೆ ಹಾಕಬೇಡಿ. 'ಡ್ರೀಮ್ ಬಿಗ್' ತೆಗೆದು ಕನ್ನಡದ ಸೂಕ್ತಿ ಹಾಕಿದರೆ ಅದೂ ನಮ್ಮದೇ ಸಿಂಗಾರ. ಅವಳಾಗಿ ಅಂಟಿಸಿದರೆ ಅಂಟಿಸಲಿ. ಕೊರಿಯಾದ ಹಾಡುಗಾರರನ್ನು ಅಂಟಿಸಿದರೂ ಅದು ಅವಳ ಗೋಡೆ. ಮಾವನ ಟ್ರಂಕಿನೊಳಗಿನ ನಟಿಯ ಹೆಸರನ್ನು ಯಾರೂ ಕೇಳಿರಲಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಒಂದೇ ಹೆಚ್ಚಿನ ಕೋಣೆಯಿದ್ದು ಮಗ ಮಗಳು ಇಬ್ಬರಿದ್ದರೆ ಹತ್ತನೇ ತರಗತಿಯ ನೆಪದಲ್ಲಿ ಕೋಣೆ ಮಗನಿಗೆ ಹೋಗುತ್ತದೆ. ಮಗಳಿಗೂ ಹತ್ತನೇ ತರಗತಿ ಬಂದಾಗ "ಅಜ್ಜಿ ಜೊತೆ ಹಾಲಿನಲ್ಲಿ ಮಲಗಲಿ" ಎಂದಾಗುತ್ತದೆ. ಅಪ್ಪನ ಟೀವಿ ಆರುವ ತನಕ ಆಕೆ ಕಾಯಬೇಕು. ಮುಟ್ಟಿನ ದಿನ ಕಪಾಟಿನಿಂದ ಒಂದು ಪ್ಯಾಡ್ ತೆಗೆಯಲು ಅಣ್ಣನ ಬಾಗಿಲು ತಟ್ಟಬೇಕು. ಗಮನಿಸಿ, ಅವಳು ತಟ್ಟುತ್ತಾಳೆ. ತಟ್ಟುವುದು ಈ ಮನೆಗೆ ಗೊತ್ತಿಲ್ಲದ ಪದ್ಧತಿಯಲ್ಲ, ಯಾರು ಯಾರಿಗೆ ತಟ್ಟಬೇಕೆಂಬುದು ಮಾತ್ರ ನಿಶ್ಚಯವಾಗಿದೆ. ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆಯುವ ಹೆಂಗಸಿಗೆ ದುಡ್ಡು ಮತ್ತು ಸ್ವಂತ ಕೋಣೆ ಬೇಕೆಂದಳು ಎಂಬುದನ್ನು ನಾವೆಲ್ಲ ಭಾಷಣಗಳಲ್ಲಿ ಹೇಳುತ್ತೇವೆ. ಆ ಕೋಣೆಯ ಬಾಗಿಲಿಗೆ ಬೀಗವಿರಬೇಕೆಂದೂ ಆಕೆ ಹೇಳಿದ್ದನ್ನು ಮರೆಯುತ್ತೇವೆ.

ಓದುಗರಲ್ಲಿ ಪಿಜಿ, ಹಾಸ್ಟೆಲುಗಳಲ್ಲಿ ಇರುವ ಕನ್ನಡದ ವಿದ್ಯಾರ್ಥಿಗಳೂ ಇದ್ದೀರಿ. ಒಂದು ಕೋಣೆಗೆ ನಾಲ್ಕು ಮಂಚ, ಮೊಳೆ ಹೊಡೆಯಬಾರದು, ಮಾಲಕಿ ಯಾವಾಗ ಬೇಕಾದರೂ ಬಾಗಿಲು ತೆರೆಯಬಹುದು. ನಿಮಗೆ ಅದು ಹೇಗೆ ಅನಿಸುತ್ತದೆಂದು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನಿಗೆ ಹೇಳಿ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ಪರವಾಗಿಯೂ ಹೇಳಿ. ನಮ್ಮ ಮಾತು ಅವರಿಗೆ ಉಪದೇಶವಾಗಿ ಕೇಳಿಸುತ್ತದೆ, ನಿಮ್ಮದು ಅನುಭವ.

ಹಾಗಾದರೆ ಕೋಣೆಯನ್ನು ಸಿಂಗರಿಸಲೇಬಾರದೇ? ಸಿಂಗರಿಸಿ, ಆದರೆ ಅರ್ಧಕ್ಕೆ ನಿಲ್ಲಿಸಿ. ಗಾಳಿ, ಬೆಳಕು, ಗಟ್ಟಿ ಮಂಚ, ಓದಲು ಒಳ್ಳೆಯ ದೀಪ, ಇವು ನಿಮ್ಮ ಜವಾಬ್ದಾರಿ. 1896ರ ಪ್ಲೇಗಿನ ನಂತರ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್ ಮಾಟುಂಗಾದ ಈ ಕಾಲನಿಗಳನ್ನು ಯೋಜಿಸಿದ್ದು ಮನೆಗಳಿಗೆ ಗಾಳಿ ಬೆಳಕು ಸಿಗಲಿ ಎಂದೇ. ಕಿಟಕಿಗೆ ಅಡ್ಡವಾಗಿ ಕಪಾಟು ಕಟ್ಟಿಸಿ ಆ ನೂರು ವರ್ಷದ ವಿವೇಕವನ್ನು ಮುಚ್ಚಬೇಡಿ. ಒಂದು ಗೋಡೆಯನ್ನು ಬರಿದೇ ಬಿಡಿ. ಮಂಚದ ಹೊಟ್ಟೆಯಿಂದ ನಿಮ್ಮ ಸೂಟ್‌ಕೇಸುಗಳನ್ನು ತೆಗೆಯಿರಿ. ಬಣ್ಣ ಯಾವುದೆಂದು ಅವಳನ್ನು ಕೇಳಿ, ಅವಳು ಕಪ್ಪು ಎಂದರೆ ಕಪ್ಪೇ ಬಳಿಯಿರಿ, ಮೂರು ವರ್ಷದಲ್ಲಿ ಅವಳೇ ಬದಲಾಯಿಸುತ್ತಾಳೆ. ಕೋಣೆಯಿಲ್ಲದ ನನ್ನಂಥವರು ಒಂದು ಡ್ರಾಯರಿಗೆ ಬೀಗ ಹಾಕಿಸಿ ಕೀಲಿಯನ್ನು ಕೊಟ್ಟುಬಿಡಿ. ಎರಡನೇ ಕೀಲಿ ಇಟ್ಟುಕೊಳ್ಳಬೇಡಿ.

ನಾನು ಕೊಟ್ಟೆ, ತಡವಾಗಿ. ರಾನಡೆ ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ಸಣ್ಣ ಬೀಗ ತಂದು ಸುತಾರನಿಂದ ಕೂರಿಸಿ, ಎರಡೂ ಕೀಲಿಗಳನ್ನು ಮಗನ ಕೈಯಲ್ಲಿಟ್ಟೆ. "ಯಾಕಮ್ಮ?" ಅಂದ. "ಇರಲಿ" ಅಂದೆ, ಬೇರೆ ಮಾತು ಹೊಳೆಯಲಿಲ್ಲ. ಆರು ತಿಂಗಳು ಡ್ರಾಯರು ಖಾಲಿಯೇ ಇತ್ತು, ಎಳೆದರೆ ಬೀಗವಿಲ್ಲದೆ ತೆರೆದುಕೊಳ್ಳುತ್ತಿತ್ತು. ಕಳೆದ ವಾರ ಧೂಳು ಒರೆಸುವಾಗ ಕೈ ತಾಗಿತು. ತೆರೆಯಲಿಲ್ಲ. ಬೀಗ ಹಾಕಿತ್ತು.